ಅಣ್ಣಾ, ಅನುಭವ ಇಲ್ಲದವನಿಗೆ ಲೈನ್ ಗಾಡಿ ಯಾರು ಕೊಡ್ತಾರೆ?

ವಾರಕ್ಕೆ ಇಬ್ಬರಾದರೂ ಕೇಳುತ್ತಾರೆ. ಫೋನಿನಲ್ಲಿ, ಮದುವೆ ಮನೆಯಲ್ಲಿ, ಒಮ್ಮೆಯಂತೂ ಕಟಿಂಗ್ ಅಂಗಡಿಯಲ್ಲಿ ಮುಖಕ್ಕೆಲ್ಲಾ ಸೋಪು ಹಚ್ಚಿಸಿಕೊಂಡು ಕೂತಿದ್ದಾಗ. "ಅಣ್ಣಾ, ಹೆವಿ ಲೈಸೆನ್ಸ್ ಐತಿ. ಹೋದಲ್ಲೆಲ್ಲಾ ಮೂರು ವರ್ಷದ ಅನುಭವ ಕೇಳ್ತಾರ. ಗಾಡಿನೇ ಕೊಡದಿದ್ರ ಅನುಭವ ಎಲ್ಲಿಂದ ತರೂದು?"

ಪ್ರಶ್ನೆ ನ್ಯಾಯವಾದದ್ದೇ. ನಾನು ಹುಬ್ಬಳ್ಳಿಯಿಂದ ಹದಿನಾರು ವರ್ಷ ಲೈನ್ ಗಾಡಿ, ಅಂದರೆ ದೂರದೂರಿಗೆ ಮಾಲು ಹೊತ್ತು ಹೋಗುವ ಲಾರಿ, ಓಡಿಸಿದವನು. ಈಗ ಎರಡು ಲಾರಿ ಇಟ್ಟುಕೊಂಡಿದ್ದೇನೆ. ಕೆಲಸ ಕೇಳಿಕೊಂಡು ಅಲೆದದ್ದೂ ಗೊತ್ತು, ಕೇಳಿ ಬಂದವರನ್ನು ವಾಪಸ್ ಕಳಿಸಿದ್ದೂ ಗೊತ್ತು.

ಕಾನೂನು ಕೇಳೋದು ಅಷ್ಟೇನೂ ಜಾಸ್ತಿ ಇಲ್ಲ. ಕಾರು ಓಡಿಸುವ ಎಲ್‌ಎಂವಿ ಲೈಸೆನ್ಸ್ 18ಕ್ಕೆ ಸಿಗುತ್ತದೆ. ಲಾರಿ ಓಡಿಸುವ ಹೆವಿ ಲೈಸೆನ್ಸಿಗೆ ಅದು ಕೈಗೆ ಬಂದು ಒಂದು ವರ್ಷ ಆಗಿರಬೇಕು, ವಯಸ್ಸು 20 ಆಗಿರಬೇಕು, ವೈದ್ಯರ ಸರ್ಟಿಫಿಕೇಟ್ ಬೇಕು, ಡ್ರೈವಿಂಗ್ ಸ್ಕೂಲಿನ ತರಬೇತಿ ಪತ್ರ ಬೇಕು. ಮೊದಲು ಎಂಟನೇ ಕ್ಲಾಸ್ ಪಾಸಾಗಿರಬೇಕು ಅಂತ ಇತ್ತು, 2019ರಲ್ಲಿ ಅದನ್ನು ತೆಗೆದರು. ಈಗಲೂ ಕೆಲವು ಏಜೆಂಟರು ಆ ಎಂಟನೇ ಕ್ಲಾಸಿನ ಹೆಸರಲ್ಲಿ ದುಡ್ಡು ಕೇಳುತ್ತಾರೆ. ಕೊಡಬೇಡಿ. ಪೆಟ್ರೋಲ್, ಗ್ಯಾಸ್, ಕೆಮಿಕಲ್ ಟ್ಯಾಂಕರ್ ಓಡಿಸಬೇಕಾದರೆ ಮಾತ್ರ ಬೇರೆಯಾಗಿ ಮೂರು ದಿನದ ತರಬೇತಿ ಮಾಡಿ ಲೈಸೆನ್ಸಿನಲ್ಲಿ ಬರೆಸಿಕೊಳ್ಳಬೇಕು.

ಇಷ್ಟರಲ್ಲಿ ಎಲ್ಲಾದರೂ ಮೂರು ವರ್ಷದ ಅನುಭವ ಅಂತ ಬಂತಾ? ಇಲ್ಲ. ಅದು ಮಾಲೀಕ ಹಾಕಿದ ಶರತ್ತು. ಹಾಗಾಗಿ ಮಾಲೀಕನ ಹೆದರಿಕೆ ಏನು ಅಂತ ಮೊದಲು ತಿಳಿದುಕೊಳ್ಳಿ. ಹೊಸ ಲಾರಿ, ಮೇಲೆ ಸಾಲ, ತಿಂಗಳಿಗೊಂದು ಕಂತು. ಅದರೊಳಗೆ ಬೇರೆಯವರ ಲಕ್ಷಗಟ್ಟಲೆ ಮಾಲು. ಸರಿಯಾದ ಲೈಸೆನ್ಸ್ ಇಲ್ಲದವನ ಕೈಯಲ್ಲಿ ಅಪಘಾತವಾದರೆ ವಿಮೆ ಕಂಪನಿ ಗಾಯಗೊಂಡವರಿಗೆ ಪರಿಹಾರ ಕೊಟ್ಟರೂ ಆಮೇಲೆ ಮಾಲೀಕನ ಮೇಲೆ ವಸೂಲಿಗೆ ಬರಬಹುದು. ಸ್ಟೇರಿಂಗ್ ತಿರುಗಿಸಲು ಬರುತ್ತಾ ಅನ್ನೋದು ಅವನ ಚಿಂತೆಯೇ ಅಲ್ಲ. ಊರು ಬಿಟ್ಟು ಆರುನೂರು ಕಿಲೋಮೀಟರ್ ಆಚೆ ಗಾಡಿ ನಿಂತಾಗ ಇವನು ಏನು ಮಾಡುತ್ತಾನೆ ಅನ್ನೋದು ಚಿಂತೆ.

ನನ್ನದೇ ಕಥೆ ಹೇಳುತ್ತೇನೆ. ಲೈಸೆನ್ಸ್ ಹಿಡಿದುಕೊಂಡು ಮೊದಲ ಸಲ ಒಬ್ಬ ಸಾವ್ಕಾರರ ಹತ್ತಿರ ಹೋದೆ. ಓಡಿಸಿ ತೋರಿಸು ಅಂತಾರೆ ಅಂದುಕೊಂಡಿದ್ದೆ. ಅವರು ಚಹಾ ಕುಡಿಯುತ್ತಾ ಕೂತಲ್ಲಿಂದಲೇ ಒಂದು ಟಾಮಿ, ಅಂದರೆ ಕಬ್ಬಿಣದ ರಾಡು, ಕೊಟ್ಟು, "ತಮ್ಮಾ, ಆ ಹತ್ತು ಚಕ್ರದ ಗಾಡಿ ಹವಾ ನೋಡ್ಕೊಂಡ್ ಬಾ" ಅಂದರು. ಹೋಗಿ ಸುತ್ತಲೂ ಟೈರ್ ಮೇಲೆ ತಟ್ಟಿದೆ. ಟಣ್ ಟಣ್ ಅಂತ ಗಟ್ಟಿ ಸದ್ದು ಬಂತು. "ಎಲ್ಲಾ ಸರಿ ಐತ್ರಿ" ಅಂದೆ. ಅವರು ಎದ್ದು ಬಂದು, ಹಿಂದಿನ ಜೋಡಿ ಟೈರಿನ ಸಂದಿಯಲ್ಲಿ ಟಾಮಿ ತೂರಿಸಿ ಒಳಗಿನ ಟೈರಿಗೆ ಹೊಡೆದರು. ದಬ್ ಅಂತು, ಒದ್ದೆ ಮೂಟೆಗೆ ಹೊಡೆದ ಹಾಗೆ. ಹವಾ ಪೂರಾ ಇಳಿದಿತ್ತು. ಹೊರಗಿನ ಟೈರ್ ಭಾರ ಹೊತ್ತು ನಿಂತಿದ್ದರಿಂದ ನೋಡಿದರೆ ಗೊತ್ತೇ ಆಗುತ್ತಿರಲಿಲ್ಲ. ಹಾಗೇ ಲೋಡ್ ಹಾಕಿ ಹೊರಟಿದ್ದರೆ ಒಂದರ ಭಾರ ಇನ್ನೊಂದರ ಮೇಲೆ ಬಿದ್ದು, ಕಾದು, ಎರಡೂ ಹೋಗುತ್ತಿದ್ದವು. "ನಿನ್ನ ಲೈಸೆನ್ಸ್ ಸುಳ್ಳಲ್ಲ ತಮ್ಮಾ, ಆದ್ರ ನೀ ಇನ್ನೂ ಲಾರಿ ನೋಡಿಲ್ಲ" ಅಂದರು. ಬೇಜಾರಾಯಿತು. ಅವರು ಹೇಳಿದ್ದು ಮಾತ್ರ ಖರೆ.

ಅವತ್ತೇ ಅವರು ಎಡಗಡೆ ಸೀಟು ಕೊಟ್ಟರು. ಸೆಕೆಂಡ್ ಡ್ರೈವರ್ ಅಂತ ಹೆಸರು, ಕ್ಲೀನರ್ ಕೆಲಸ. ಎಂಟು ತಿಂಗಳು ಹಾಗೇ ಹೋಯಿತು. ಹಗ್ಗ ಬಿಗಿಯೋದು, ತಾಡಪತ್ರಿ ಮಡಚೋದು, ಗೋಡೌನಿಗೆ ರಿವರ್ಸ್ ಹಾಕುವಾಗ ಹಿಂದೆ ನಿಂತು ಕೂಗೋದು. ಯಲ್ಲಾಪುರ ದಾಟಿ ಅರಬೈಲ್ ಘಾಟ್ ಇಳಿಯುವಾಗ ನಮ್ಮ ಉಸ್ತಾದ್, ಅಂದರೆ ಹಿರಿಯ ಡ್ರೈವರ್, ಮೇಲೇ ಗಾಡಿ ನಿಲ್ಲಿಸಿ, ಚಿಕ್ಕ ಗೇರಿಗೆ ಹಾಕಿ, ಆಮೇಲೆ ಇಳಿಸುತ್ತಿದ್ದರು. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದ ಗಾಡಿಯೊಂದು ಕೆಳಗೆ ನಿಂತಿತ್ತು. ಬ್ರೇಕ್ ಲೈನರ್ ಸುಟ್ಟ ವಾಸನೆ ದೂರಕ್ಕೇ ಬಡಿಯುತ್ತಿತ್ತು. ಸುಮ್ನೆ ಮೂಗು ತೋರಿಸಿ, "ನೆನಪಿಟ್ಕೋ" ಅಂದರು. ಅಷ್ಟೇ ಪಾಠ.

ಹಾಗಾಗಿ ನನ್ನ ಉತ್ತರ ಇದು: ಗಾಡಿ ಕೇಳಬೇಡಿ, ಎಡಗಡೆ ಸೀಟು ಕೇಳಿ. ದೊಡ್ಡ ಕಂಪನಿಗಳ ಆಫೀಸಿಗೆ ಮೊದಲೇ ಹೋಗಬೇಡಿ. ಅಲ್ಲಿ ಕೂತವನಿಗೆ ಕಾಗದದ ಮೇಲೆ ಮೂರು ವರ್ಷ ಬೇಕು, ನಿಮ್ಮ ಮುಖ ನೋಡಿ ತೀರ್ಮಾನ ಮಾಡುವ ಅಧಿಕಾರ ಅವನಿಗೂ ಇರಲ್ಲ. ಒಂದೆರಡು ಗಾಡಿ ಇರುವ ಮಾಲೀಕನ ಹತ್ತಿರ ಹೋಗಿ, ಗುರುತಿನ ಡ್ರೈವರ್ ಒಬ್ಬನನ್ನು ಜೊತೆಗೆ ಕರೆದುಕೊಂಡು. "ನಮ್ಮ ಹುಡುಗ, ನಾ ಅದೀನಿ" ಅಂತ ಅವನು ಹೇಳಿದರೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ನಮ್ಮಲ್ಲಿ ಇಲ್ಲ. ಹೋಗುವ ಹೊತ್ತೂ ಮುಖ್ಯ. ದೀಪಾವಳಿಗೆ ಊರಿಗೆ ಹೋದ ಡ್ರೈವರ್‌ಗಳು ಬೇಗ ಬರಲ್ಲ, ಊರ ಜಾತ್ರೆ ಇದ್ದರಂತೂ ಮುಗಿದೇ ಹೋಯಿತು. ಲೋಡ್ ಆಗಿ ನಿಂತ ಗಾಡಿ ನೋಡುತ್ತಾ ಮಾಲೀಕ ಎಲ್ಲರಿಗೂ ಫೋನ್ ಹಚ್ಚುತ್ತಿರುತ್ತಾನೆ. ಅಂಥ ಹೊತ್ತಿನಲ್ಲಿ ಟ್ರಾನ್ಸ್‌ಪೋರ್ಟ್ ಆಫೀಸಿನ ಮುಂದೆ ನೀವು ನಿಂತಿರಬೇಕು.

ಇನ್ನೊಂದು ದಾರಿ ಇದೆ, ಸ್ವಲ್ಪ ನಿಧಾನ. ಎಲ್‌ಎಂವಿ ಲೈಸೆನ್ಸ್ ಇದ್ದವರು ಲೋಡ್ ಸೇರಿ ಒಟ್ಟು ತೂಕ 7,500 ಕೆಜಿ ದಾಟದ ಗೂಡ್ಸ್ ಗಾಡಿ ಓಡಿಸಬಹುದು, ಅದಕ್ಕೆ ಬೇರೆ ಅನುಮತಿ ಬೇಡ ಅಂತ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರ್‌ನಲ್ಲಿ ಹೇಳಿದೆ. ಅಂದರೆ ಹೆವಿ ಕೈಗೆ ಬರುವ ಮೊದಲೇ ಟಾಟಾ 407 ತರಹದ ಚಿಕ್ಕ ಗಾಡಿಯಲ್ಲಿ ಲೋಡ್, ಬಿಲ್ಲು, ಚೆಕ್‌ಪೋಸ್ಟ್ ಎಲ್ಲಾ ಅಭ್ಯಾಸ ಮಾಡಿಕೊಳ್ಳಬಹುದು. ವಯಸ್ಸು 20 ಆಗಿರಬೇಕು, ಅದನ್ನು ಮರೆಯಬೇಡಿ.

ಇ-ವೇ ಬಿಲ್, ಅಂದರೆ ಮಾಲಿನ ಜೊತೆ ಇರಬೇಕಾದ ಜಿಎಸ್‌ಟಿ ಪತ್ರ, ಓದೋದು ಕಲಿಯಿರಿ. ಇದನ್ನು ಯಾರೂ ಹೇಳಿಕೊಡಲ್ಲ. 200 ಕಿಲೋಮೀಟರಿಗೆ ಒಂದು ದಿನ ಅಂತ ಅದರ ಅವಧಿ. ಗಾಡಿ ಕೆಟ್ಟು ನಿಂತರೆ ಅವಧಿ ಮುಗಿಯುವ ಎಂಟು ಗಂಟೆ ಮೊದಲಿನಿಂದ ಮುಗಿದು ಎಂಟು ಗಂಟೆಯ ತನಕ ಮಾತ್ರ ಅದನ್ನು ಮುಂದಕ್ಕೆ ಹಾಕಿಸಲು ಬರುತ್ತದೆ. ನಿಪ್ಪಾಣಿ ಹತ್ತಿರ ನನ್ನ ಗಾಡಿಯ ಕ್ಲಚ್ ಹೋದಾಗ ಹೊಸ ಡ್ರೈವರ್ ಹೆದರಿ ಒಂದೂವರೆ ದಿನ ಫೋನೇ ಮಾಡಲಿಲ್ಲ. ಕ್ಲಚ್ಚಿಗಿಂತ ದಂಡಕ್ಕೇ ಜಾಸ್ತಿ ಹೋಯಿತು. ಕ್ಲಚ್ ಹೋಗಿದ್ದಕ್ಕೆ ನಾನು ಒಂದು ಮಾತೂ ಅನ್ನಲಿಲ್ಲ. ಫೋನ್ ಮಾಡದಿದ್ದಕ್ಕೆ ಮಾತ್ರ ಅವನನ್ನು ಕೆಲಸದಿಂದ ಬಿಡಿಸಿದೆ. ಕೆಲಸ ಕೇಳಲು ಬಂದವನು, "ಏನಾದ್ರೂ ಆದ್ರ ಮೊದಲ ನಿಮಗ ಫೋನ್ ಹಚ್ಚತೀನ್ರಿ" ಅಂದರೆ ಈಗ ನನಗೆ ಅರ್ಧ ಸಮಾಧಾನ.

ಸೀಟು ಸಿಕ್ಕ ಖುಷಿಯಲ್ಲಿ ಕೇಳುವುದನ್ನು ಕೇಳದೆ ಬರಬೇಡಿ. ಸಂಬಳ ಎಷ್ಟು, ದಾರಿ ಖರ್ಚಿನ ಭತ್ಯೆ ಎಷ್ಟು, ಟ್ರಿಪ್ಪಿಗಾ ಕಿಲೋಮೀಟರಿಗಾ? ಡೀಸೆಲ್ ಕಡಿಮೆ ಬಂದರೆ ಯಾರ ತಲೆಗೆ? ಮಾಲು ಕಡಿಮೆ ಬಿದ್ದರೆ? ಓವರ್‌ಲೋಡ್ ದಂಡ ಯಾರು ಕಟ್ಟೋದು? ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಅಂತ 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆಯಲ್ಲೇ ಬರೆದಿಟ್ಟಿದ್ದರು. ಲೈನಿನಲ್ಲಿ ಅದನ್ನು ಎತ್ತಿದರೆ ನಗುತ್ತಾರೆ, ನಾನೂ ನಕ್ಕವನೇ. ಆದರೆ ರಾತ್ರಿ ಗಾಡಿಗೆ ಇಬ್ಬರು ಇರ್ತಾರಾ ಅಂತ ಕೇಳಿದರೆ ಯಾರೂ ನಗಲ್ಲ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯ ಮಾಡಿದ್ದಾರೆ. ಬೇಸಿಗೆಯಲ್ಲಿ ಒದ್ದೆ ಟವೆಲ್ ತಲೆಗೆ ಸುತ್ತಿಕೊಂಡು ಓಡಿಸಿದ ನಮಗೆ ಸ್ವಲ್ಪ ಹೊಟ್ಟೆಕಿಚ್ಚೇ.

ಮತ್ತೆ, ಒರಿಜಿನಲ್ ಲೈಸೆನ್ಸ್ ಯಾರ ಕೈಗೂ ಕೊಡಬೇಡಿ. "ನಮ್ಮ ಹತ್ರ ಇರ್ಲಿ, ಭದ್ರ" ಅಂತಾರೆ. ಡಿಜಿಲಾಕರ್‌ನಲ್ಲಿ ತೋರಿಸಿ, ಬೇಕಾದರೆ ಜೆರಾಕ್ಸ್ ಕೊಡಿ. ನನ್ನದು ಒಬ್ಬರ ಡ್ರಾಯರಿನಲ್ಲಿ ನಾಲ್ಕು ತಿಂಗಳು ಬಿದ್ದಿತ್ತು. ಬಿಡಿಸಿಕೊಳ್ಳಲು ಎರಡು ತಿಂಗಳ ಸಂಬಳ ಬಿಟ್ಟು ಬಂದೆ.