ಬಸ್ಸಿನ ಕಿಟಕಿ ಪಕ್ಕದ ಹುಡುಗ

ಹಾಸನದಿಂದ ಸಕಲೇಶಪುರಕ್ಕೆ ಬರುವ ಬಸ್ಸಲ್ಲಿ ಇವತ್ತು ನಾಲ್ಕು ಹುಡುಗರು ಒಬ್ಬನನ್ನು ‘ಲೇ ಕುಳ್ಳ’ ಅಂತ ಬಾಳ್ಳುಪೇಟೆವರೆಗೂ ಕಾಡಿದರು. ಅವನು ಬ್ಯಾಗ್ ಅಪ್ಪಿಕೊಂಡು ಕಿಟಕಿ ಆಚೆಯೇ ನೋಡುತ್ತಿದ್ದ. ಎದ್ದು ಹೋಗಿ ಪಕ್ಕ ಕೂತೆ. ‘ದಿನಾ ಹೀಗೇನಾ?’ ತಲೆ ಆಡಿಸಿದ, ಅಷ್ಟೇ.

ಆ ‘ದಿನಾ’ ನನ್ನನ್ನು ಬಿಡುತ್ತಿಲ್ಲ. 1970ರ ದಶಕದಲ್ಲೇ ಇದನ್ನು ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಡಾನ್ ಓಲ್ವೇಯಸ್ ಪ್ರಕಾರ, ಬೇಕಂತಲೇ, ಮತ್ತೆ ಮತ್ತೆ, ತಿರುಗಿ ನಿಲ್ಲಲಾಗದವನನ್ನು ನೋಯಿಸಿದರೆ ಅದು ಬುಲ್ಲಿಯಿಂಗ್. ನಾವು ಮಕ್ಕಳಾಟ ಅಂತ ಸುಮ್ನೆ ಬಿಡುತ್ತೇವೆ, ಅಲ್ವಾ? ನನಗೆ ಅದೇ ಜಾಸ್ತಿ ನೋವು. ಬಸ್ಸಿನ ತುಂಬ ದೊಡ್ಡವರೇ ಇದ್ದರು.

ಮಕ್ಕಳ ಸಹಾಯವಾಣಿ 1098 ಅವನ ನೋಟ್‌ಬುಕ್ಕಿನ ಹಿಂದೆ ಬರೆದುಕೊಟ್ಟೆ. ಫೋನ್ ಮಾಡಲು ದುಡ್ಡು ಬೇಕಿಲ್ಲ ಅಂತಲೂ ಹೇಳಿದೆ. ಇಳಿಯುವ ಮುಂಚೆ ಹೆಸರೇನು ಅಂತ ಕೇಳಿದೆ. ಹೇಳಿದ, ತುಂಬಾ ಮೆಲ್ಲಗೆ.