ಪಂಚಮಿಗೆ ಹೋದಾಗ ಹೊಳಿ ಬಂತು

2019ರ ನಾಗರಪಂಚಮಿ ಆಗಸ್ಟ್ 5ಕ್ಕ ಇತ್ತು, ಸೋಮವಾರ. ನಾನು ಇಬ್ಬರೂ ಮಕ್ಕಳನ್ನ ಕರಕೊಂಡು ಗದಗದಿಂದ ತವರಮನಿಗೆ ಹೋಗಿದ್ದೆ. ನರಗುಂದ ತಾಲೂಕಿನಾಗ ಮಲಪ್ರಭಾ ದಂಡಿಮ್ಯಾಲಿನ ಊರು ನಮ್ದು. ನಮ್ಮ ಕಡೆ ಹೆಣ್ಮಕ್ಕಳಿಗೆ ಪಂಚಮಿ ಅಂದ್ರ ಏನು ಅಂತ ಬಿಡಿಸಿ ಹೇಳೂದು ಬ್ಯಾಡ, ಜೋಕಾಲಿ, ಶೇಂಗಾ ಉಂಡಿ, ಎಳ್ಳುಂಡಿ, ಗುಳ್ಳಡಕಿ ಉಂಡಿ, ಅಳ್ಳಿಟ್ಟು, ಅವ್ವ ವಾರ ಮೊದಲ ಹಿಡದು ಮಾಡಿ ದೊಡ್ಡ ಸ್ಟೀಲಿನ ಡಬ್ಬಿ ತುಂಬಿಸಿಟ್ಟಿರ್ತಾಳ.

ಊರಾಗ ಮಳಿ ಅಂಥಾದ್ದೇನೂ ಇರ್ಲಿಲ್ಲ, ಬರೇ ಜಿಟಿಜಿಟಿ. ನಾವು ಮೋಸ ಹೋಗಿದ್ದು ಇಲ್ಲೇ. ನಮ್ಮ ಹೊಳಿ ತುಂಬಾಕ ನಮ್ಮೂರಾಗ ಮಳಿ ಆಗಬೇಕಂತಿಲ್ಲ, ಮ್ಯಾಲೆ ಕಣಕುಂಬಿ, ಖಾನಾಪುರ ಕಾಡಿನಾಗ ಹಗಲು ರಾತ್ರಿ ಸುರದ್ರ ಅದೆಲ್ಲಾ ನವಿಲುತೀರ್ಥ ಡ್ಯಾಮಿಗೆ ಬರತೈತಿ, ಸಮುದ್ರಮಟ್ಟದಿಂದ 2079.50 ಅಡಿಗೆ ಡ್ಯಾಮ್ ತುಂಬಿದ ಮ್ಯಾಲೆ ಒಳಗ ಬಂದಷ್ಟು ನೀರು ಹೊರಗ ಬಿಡಾಕಬೇಕು. ಇದು ಊರಾಗ ಸಣ್ಣ ಹುಡುಗರಿಗೂ ಗೊತ್ತು. ಆದ್ರ ಅದಕ್ಕ ಮೊದಲ ಬರಗಾಲ ಕಂಡು ಕಂಡು ನಮಗ ಹೊಳಿ ಅಂದ್ರ ಒಣಗಿದ ಉಸುಕು ಅಷ್ಟ ನೆನಪಿತ್ತು. ಮಹದಾಯಿಗೆ ಹರದು ಹೋಗೂ ಕಳಸಾ-ಬಂಡೂರಿ ಹಳ್ಳದ ನೀರು ನಮ್ಮ ಹೊಳಿಗೆ ಬೇಕು ಅಂತ 2015ರಿಂದ ನರಗುಂದದಾಗ ಧರಣಿ ಕುಂತ ಮಂದಿ ನಾವು, ಹೊಳಿಗೆ ನೀರು ಬಂತಂದ್ರ ಖುಷಿ ಪಡೂದು ಗೊತ್ತಿತ್ತು, ಹೆದರೂದು ಮರತುಹೋಗಿತ್ತು.

ಬುಧವಾರ ಮುಂಜಾನೆ ಡಂಗುರ ಸಾರಿದ್ರು, ಡ್ಯಾಮಿನಿಂದ ನೀರು ಬಿಡಾಕತ್ತಾರ, ದಂಡಿ ಮಂದಿ ಎತ್ತರದ ಜಾಗಕ್ಕ ಹೋಗ್ರಿ ಅಂತ. ಅಪ್ಪ ಹೋಗಿ ಹೊಳಿ ನೋಡಿ ಬಂದ, "2009ರಾಗ ಹನಮಪ್ಪನ ಗುಡಿ ಕಟ್ಟಿತನಕ ಬಂದಿತ್ತು, ನಮ್ಮನಿಗೆ ಬರೂದಿಲ್ಲ ಬಿಡ್ರಿ" ಅಂದ. ಹಿರೇರು ಹೇಳಿದ ಮ್ಯಾಲೆ ಮುಗೀತು, ಯಾರೂ ಎದುರು ಮಾತಾಡ್ಲಿಲ್ಲ, ನಾನೂ ಮಾತಾಡ್ಲಿಲ್ಲ. ಮಧ್ಯಾಹ್ನ ಎರಡಕ್ಕ ನೀರು ಗುಡಿ ಕಟ್ಟಿ ಮುಟ್ಟಿತು, ನಾಲ್ಕಕ್ಕ ಒಂದು ಮೆಟ್ಟಲ ಮುಳುಗಿತು. ಮಂದಿ ನಿಂತು ಮೊಬೈಲಿನಾಗ ವಿಡಿಯೋ ಮಾಡಾಕತ್ತಿದ್ರು. ಆಗ ಇನ್ನೂ ಬೆಳಕಿತ್ತು, ರಸ್ತಾ ಇತ್ತು, ಅಣ್ಣನ ಟ್ರ್ಯಾಕ್ಟರ್ ಬಾಗಿಲದಾಗ ನಿಂತಿತ್ತು. ಆ ನಾಲ್ಕು ಗಂಟೆ ಹೊತ್ತು ನನಗ ಇವತ್ತಿಗೂ ಕಣ್ಣಿಗೆ ಕಟ್ಟತೈತಿ.

ಸಂಜಿಮುಂದ ಕರೆಂಟ್ ಹೋತು. ನಾವೆಲ್ಲಾರೂ ಮುಂದಿನ ಬಾಗಿಲಕಡೆ ಹೊಳಿ ಕಾಯ್ಕೋತ ಕುಂತಿದ್ರ ನೀರು ಬಂದದ್ದು ಹಿತ್ತಲದಿಂದ. ಹೊಳಿ ತುಂಬಿದಾಗ ಹಳ್ಳದ ನೀರಿಗೆ ಹೊಳಿ ಸೇರಾಕ ಜಾಗ ಸಿಗೂದಿಲ್ಲ, ಅದು ಹಿಂದಕ್ಕ ಒತ್ತಿ ಊರಾಗ ಹೊಕ್ಕತೈತಿ. ವೈನಿ ಅಡಗಿಮನ್ಯಾಗಿಂದ "ಅತ್ತಿ, ಕಾಲಾಗ ನೀರು ಬಂತ್ರೀ" ಅಂತ ಒದರಿದ್ಲು, ನೋಡೂದ್ರಾಗ ಒಲಿ ಕಟ್ಟಿ ಕೆಳಗ ಚರಗಿ ತೇಲಾಕತ್ತಿತ್ತು.

ಆಮ್ಯಾಲಿನ ಅರ್ಧ ತಾಸಿನಾಗ ಏನಾತು ಅನ್ನೂದಕ್ಕ ನಾ ಇದನ್ನ ಬರೀಲಿಕತ್ತೇನಿ. ಮನ್ಯಾಗ ಬ್ಯಾಟರಿ ಇತ್ತು, ಹಗ್ಗ ಇತ್ತು, ತಾಡಪಾಲ ಇತ್ತು, ಟ್ರ್ಯಾಕ್ಟರ್ ಇತ್ತು, ಎಂಟು ಮಂದಿ ಇದ್ವಿ. ಇಲ್ಲದ್ದು ಅಂದ್ರ ಯಾರು ಏನು ಮಾಡಬೇಕು ಅನ್ನೂ ಮಾತು. ಬ್ಯಾಟರಿ ಎಲ್ಲೈತಿ ಅಂತ ಮೂರು ಮಂದಿ ಹುಡುಕಿದ್ವಿ, ಆಯಿನ್ನ, ಅಂದ್ರ ನಮ್ಮ ಅಜ್ಜಿನ್ನ, ಯಾರು ಎತ್ತಬೇಕು ಅಂತ ಯಾರಿಗೂ ಗೊತ್ತಿರ್ಲಿಲ್ಲ, ಕಡೀಕ ಅಣ್ಣ ಮತ್ತ ಬಾಜು ಮನಿ ಕಾಕಾ ಸೇರಿ ಆಕಿನ್ನ ಪ್ಲಾಸ್ಟಿಕ್ ಖುರ್ಚಿ ಸಮೇತ ಎತ್ತಿ ಟ್ರೇಲರಿಗೆ ಹಾಕಿದ್ರು. ಆಯಿ ಗುಳಿಗಿ ಚೀಲ ವೈನಿ ತಂದಾಳ ಅಂತ ನಾ ತಿಳಕೊಂಡೆ, ನಾ ತಂದೇನಿ ಅಂತ ವೈನಿ ತಿಳಕೊಂಡ್ಲು. ಆಯಿ ಇನ್ಸುಲಿನ್ ಫ್ರಿಜ್ಜಿನಾಗ ಉಳೀತು. ಅವ್ವ ಮಾತ್ರ ಏನೂ ತಿಳೀದ ಕೈಗೆ ಸಿಕ್ಕದ್ದು ಅಂತ ಉಂಡಿ ಡಬ್ಬಿ ಎದಿಗೆ ಅವುಚಿಕೊಂಡು ಬಂದಿದ್ಲು.

ದನಗಳ ಕಡೆ ಅಪ್ಪ ಹೋದ. ಹಗ್ಗ ತೊಯ್ದ ಉಬ್ಬಿ ಗಂಟು ಕಲ್ಲಾಗಿತ್ತು, ಬೆರಳ ತುದಿ ಒಳಗ ಹೋಗವಲ್ದು, ಉಗುರು ಕಿತ್ತು ರಕ್ತ ಬಂತು ಆದ್ರೂ ಬಿಚ್ಚಲಿಲ್ಲ. ಕುಡಗೋಲು ತರ್ರಿ ಅಂತ ಒದರಿದ್ರ ಕುಡಗೋಲು ಎಲ್ಲಿ ಅಂತ ಯಾರಿಗೆ ಗೊತ್ತು, ಅದು ಜಂತಿಗೆ ಸಿಗಿಸಿತ್ತು, ಕತ್ತಲಾಗ ಕೈಯಾಡಿಸಿ ಹುಡುಕಿ ಕೊಡೂದ್ರಾಗ ನೀರು ಮೊಣಕಾಲು ದಾಟಿತ್ತು. ಎರಡೂ ಎತ್ತು, ಎಮ್ಮಿ ಹಗ್ಗ ಕೊಯ್ದು ಬಿಟ್ಟ. ಒಳಗಿನ ಮೂಲ್ಯಾಗ ಕಟ್ಟಿದ್ದ ಎಮ್ಮಿ ಕರು ಉಳೀತು. ಅದು ಒದರೂದು ಟ್ರ್ಯಾಕ್ಟರ್ ಸಪ್ಪಳದಾಗೂ ಕೇಳ್ತಿತ್ತು. ನನ್ನ ಸಣ್ಣ ಮಗಳು ಬಹಳ ದಿನ ರಾತ್ರಿ ಎದ್ದು "ಕರು ಬಂತೇನವ್ವಾ" ಅಂತ ಕೇಳ್ತಿದ್ಲು.

ಎತ್ತರದಾಗಿದ್ದ ಸಾಲ್ಯಾಗ ಗಂಜಿ ಕೇಂದ್ರ ಮಾಡಿದ್ರು. ಮೊದಲ ರಾತ್ರಿ ಅಡಗಿ ಇನ್ನೂ ಸುರು ಆಗಿರ್ಲಿಲ್ಲ, ಅವ್ವನ ಡಬ್ಬಿ ಇಡೀ ಕೋಣಿ ಮಕ್ಕಳ ಹೊಟ್ಟಿ ತುಂಬಿಸಿತು. ಆದ್ರ ಶುಗರ್ ಇದ್ದ ಆಯಿಗೆ ಉಂಡಿ ಕೊಡೂದು ಹೆಂಗ, ಯಾರೋ ಪುಣ್ಯಾತ್ಮರು ಕಡಕ್ ರೊಟ್ಟಿ ಗಂಟು ತಂದಿದ್ರು, ಅದನ್ನ ನೀರಾಗ ತೋಯಿಸಿ ತಿನಿಸಿದ್ವಿ. ಮರುದಿನ ಡಾಕ್ಟರ್ ಬಂದ್ರು, ಯಾವ ಇನ್ಸುಲಿನ್, ಎಷ್ಟು ಯೂನಿಟ್ ಅಂತ ಕೇಳಿದ್ರು. ನಾವು ಒಬ್ಬರ ಮುಖ ಒಬ್ಬರು ನೋಡಿದ್ವಿ. ದಿನಾ ಚುಚ್ಚಾವ ಅಣ್ಣ, ಅಂವ ಎತ್ತು ಹುಡುಕಾಕ ಹೋಗಿದ್ದ. ಅಂವ ಬರೂತನಕ ಆಯಿಗೆ ಕಣ್ಣು ಮಂಜು, ಬಾಯಿ ಒಣಗೂದು, ಆ ಮೂರು ತಾಸು ನನಗ ಮೂರು ವರ್ಷ ಆದಂಗಾತು.

ಕಾಗದಪತ್ರ ಇದ್ದ ಟ್ರಂಕು ಅಪ್ಪ ಹೊತ್ತು ತಂದಿದ್ದ, ಆದ್ರ ಅದು ಮಂಚದ ಕೆಳಗಿತ್ತಲ್ಲ, ಆಗಲೇ ನೀರು ಹೊಕ್ಕಿತ್ತು. ಸಾಲಿ ಹಲಗಿ ಮುಂದ ಕುಂತು ಒಂದೊಂದ ಹಾಳಿ ಬಿಡಿಸಿದ್ವಿ. ಹೊಲದ ಉತಾರ, ರೇಶನ್ ಕಾರ್ಡು, ಪಾಸ್‌ಬುಕ್ಕು ಎಲ್ಲಾ ಹೋಳಿಗಿ ಮ್ಯಾಲಿನ ಪದರ ಅಂಟಿಕೊಂಡಂಗ ಅಂಟಿದ್ದವು, ಅವಸರ ಮಾಡಿ ಎಳದ್ರ ಅಕ್ಷರ ಬೆರಳಿಗೆ ಬರ್ತಿದ್ವು. ಅಣ್ಣನ ಹತ್ತನೇತ್ತ ಮಾರ್ಕ್ಸ್ ಕಾರ್ಡು ಲ್ಯಾಮಿನೇಶನ್ ಮಾಡಿಸಿದ್ದು, ಅದು ಉಳೀತದ ಅನಕೊಂಡಿದ್ವಿ, ಆದ್ರ ಮೂಲ್ಯಾಗಿಂದ ನೀರು ಹೊಕ್ಕು ಒಳಗ ಶಾಯಿ ಹರದಿತ್ತು.

ನೀರು ಇಳದ ಮ್ಯಾಲೆ ಮನಿ ನಿಂತಿದ್ದು ನೋಡಿ ಅಪ್ಪನ ಮುಖ ಅರಳಿತ್ತು, ಒಳಗ ಹೋಗಾಕ ಕಾಲಿಟ್ಟಿದ್ದ. ಊರಿನ ಹಿರೇ ಗೌಂಡಿಯೊಬ್ರು ಕೈ ಹಿಡದ ಎಳದ್ರು, "ತೊಯ್ದ ಮಣ್ಣಿನ ಗ್ವಾಡಿ ನೀರಾಗಿದ್ದಾಗ ಬೀಳೂದಿಲ್ರೀ, ನೀರು ಇಳದು ಬಿಸಿಲು ಬಿದ್ದಾಗ ಬೀಳತೈತಿ, ಎರಡು ದಿನ ತಡೀರಿ" ಅಂದ್ರು. ಮರುದಿನ ಮಧ್ಯಾಹ್ನ, ಬಿಸಿಲು ಚಲೋ ಬಿದ್ದಿತ್ತು, ಪಡಸಾಲಿ ಗ್ವಾಡಿ ಮಾಳಗಿ ಮಣ್ಣ ಸಮೇತ ಕುಂತುಬಿಟ್ತು. ನಾವು ಹೊರಗ ಬೇವಿನಗಿಡದ ಕೆಳಗ ನಿಂತಿದ್ವಿ.

ಆ ವರ್ಷ ಸರ್ಕಾರ ತಕ್ಷಣಕ್ಕ 10,000 ರೂಪಾಯಿ, ಪೂರಾ ಬಿದ್ದ ಮನಿಗೆ 5 ಲಕ್ಷ ಅಂತ ಹೇಳಿತ್ತು. ಅದಕ್ಕೆಲ್ಲಾ ಕಾಗದ ಬೇಕು, ಮನಿ ಹೆಂಗಿತ್ತು ಅನ್ನಾಕ ಫೋಟೋ ಬೇಕು. ನಮ್ಮ ಹತ್ರ ಮನಿ ಫೋಟೋ ಅಂತ ಇದ್ದದ್ದು ಪಂಚಮಿ ದಿನ ಜೋಕಾಲಿ ಮ್ಯಾಲೆ ಮಕ್ಕಳು ಕುಂತದ್ದು, ಹಿಂದ ಪಡಸಾಲಿ ಕಾಣತಿತ್ತು.

ಅವತ್ತಿಂದ ನಮ್ಮನ್ಯಾಗ ಒಂದು ರೂಢಿ ಮಾಡೇವಿ. ಜೂನ್ 7ರ ಸುಮಾರಿಗೆ ಮಿರಗ, ಅಂದ್ರ ಮೃಗಶಿರಾ ಮಳಿ, ಕೂಡತೈತಿ, ಅದಕ್ಕ ಮೊದಲ ಹೆಂಗೂ ಬೀಜ ಗೊಬ್ಬರ ತರೂದು, ಕೂರಗಿ ರಿಪೇರಿ, ಮಾಳಗಿಗೆ ಸವಳು ಮಣ್ಣು ಹಾಕೂದು ಇದ್ದದ್ದ. ಆ ವಾರದಾಗ ಒಂದಿನ ನಾನೂ ಹೋಗತೇನಿ, ಎಲ್ಲಾರೂ ಕುಂತು ಹೊಳಿ ಬಂದ್ರ ಏನು ಅಂತ ಮಾತಾಡ್ತೇವಿ. ತಿರುಪಿನ ಮುಚ್ಚಳದ ನೀಲಿ ಬ್ಯಾರಲ್ಲಿನಾಗ ಕಾಗದಪತ್ರ, ಒಂದೊಂದಕ್ಕೂ ಎರಡೆರಡು ಪ್ಲಾಸ್ಟಿಕ್ ಕವರ್ ಹಾಕಿ, ಅದು ಅಟ್ಟದ ಮ್ಯಾಲೆ. ಝೆರಾಕ್ಸ್ ಒಂದು ಕಟ್ಟು ಗದಗದಾಗ ನನ್ನ ಹತ್ರ, ಆಧಾರ್, ಮಾರ್ಕ್ಸ್ ಕಾರ್ಡ್ ಡಿಜಿಲಾಕರಿನಾಗೂ ಅದಾವು. ಮನಿ ನಾಲ್ಕೂ ದಿಕ್ಕಿನ ಫೋಟೋ ಪ್ರತಿ ವರ್ಷ ಹೊಸಾದು. ಆಯಿದು ಹದಿನೈದು ದಿನದ ಗುಳಿಗಿ ಯಾವಾಗಲೂ ಕೈಚೀಲದಾಗ, ಡಾಕ್ಟರ್ ಚೀಟಿ ಫೋಟೋ ಎಲ್ಲಾರ ಮೊಬೈಲಿನಾಗ. ತೆರದ ಇನ್ಸುಲಿನ್ ಬಿಸಿಲಿಗೆ ಇಡದ ತಂಪು ಜಾಗಾದಾಗ ಇಟ್ರ ಸುಮಾರು ನಾಲ್ಕು ವಾರ ನಡೀತೈತಿ ಅಂತ ಡಾಕ್ಟರ್ ಹೇಳಿದ ಮ್ಯಾಲೆ ಅದಕ್ಕೊಂದು ಸಣ್ಣ ಮಣ್ಣಿನ ಗಡಿಗಿ, ಸುತ್ತ ಹಸಿ ಅರಬಿ. ಕಡಕ್ ರೊಟ್ಟಿ, ಶೇಂಗಾ ಚಟ್ನಿ ಒಂದು ಡಬ್ಬಿ. ಕುಡ್ಯಾಕ ಅಡಗಿಗೆ ಒಬ್ಬರಿಗೆ ದಿನಕ್ಕ ಮೂರ್ನಾಲ್ಕು ಲೀಟರ್ ಲೆಕ್ಕ ಹಾಕಿ ಕ್ಯಾನು. ಬಾಗಿಲ ಹಿಂದ ಸುಣ್ಣದ ಗ್ವಾಡಿಮ್ಯಾಲೆ 112, 108, ಜಿಲ್ಲಾ ಸಹಾಯವಾಣಿ 1077, ಕರೆಂಟಿಂದು 1912 ಅಂತ ದೊಡ್ಡದಾಗಿ ಬರದೇವಿ, ಯಾಕಂದ್ರ ಮೊಬೈಲ್ ಸ್ವಿಚ್ ಆಫ್ ಆದ ಮ್ಯಾಲೆ ಅದರಾಗಿನ ನಂಬರ್ ಯಾರಿಗೂ ಬಾಯಿಪಾಠ ಇರೂದಿಲ್ಲ.

ಆದ್ರ ನನಗ ಕೇಳಿದ್ರ ಇವೆಲ್ಲಾ ಎರಡನೇದ್ದು. ಆಯಿನ್ನ ಎತ್ತೂದು ಅಣ್ಣ, ಗುಳಿಗಿ ಚೀಲ ವೈನಿ, ಮೇನ್ ಸ್ವಿಚ್ಚು ಗ್ಯಾಸು ಬಂದ್ ಮಾಡೂದು ಅವ್ವ, ದನ ಅಪ್ಪ, ಇಷ್ಟು ಹೆಸರು ಹಿಡದು ಹಂಚಿದ್ದ ದೊಡ್ಡದು. ಮತ್ತ ಒಂದು ಕರಾರು, ನೀರು ಹನಮಪ್ಪನ ಗುಡಿ ಕಟ್ಟಿ ಮುಟ್ಟಿದ್ರ ಯಾರ ಮಾತೂ ಕೇಳಾಂಗಿಲ್ಲ, ಬೆಳಕಿರೂದ್ರಾಗ ಹೊರಡೂದು. ಈ ಮಾತು ಅಪ್ಪನ ಬಾಯಾಗಿಂದ ಬಂತು.

2020ರ ಆಗಸ್ಟಿನಾಗೂ ಡ್ಯಾಮಿನಿಂದ ನೀರು ಬಿಟ್ರು. ಕರೋನಾ ಅಂತ ನಾ ಗದಗದಾಗ ಇದ್ದೆ. ಮಧ್ಯಾಹ್ನ ಅಣ್ಣ ಫೋನ್ ಮಾಡಿದ, "ಗುಡಿ ಕಟ್ಟಿಗೆ ಬಂತವಾ, ಹೊಂಟೇವಿ." ಅರ್ಧ ತಾಸಿನಾಗ ಮತ್ತ ಫೋನ್, ಎಲ್ಲಾರೂ ಸಾಲಿ ಮುಟ್ಟೇವಿ ಅಂತ. ಆ ಸಲ ನೀರು ಕಟ್ಟಿಯಿಂದ ಮ್ಯಾಲೆ ಏರಲಿಲ್ಲ, ಎರಡು ದಿನಕ್ಕ ಇಳೀತು. "ಸುಮ್ನ ಗಂಟು ಮೂಟೆ ಕಟಗೊಂಡು ಹೋದ್ರಿ ನೋಡ್ರಿ" ಅಂತ ಓಣ್ಯಾಗ ಒಂದಿಬ್ರು ಅಂದ್ರಂತ. ಅಪ್ಪ ಏನೂ ಅನ್ನಲಿಲ್ಲಂತ, ಎಮ್ಮಿ ಹೊಡಕೊಂಡು ಬಂದು ಗ್ವಾದಲಿಗೆ ಕಟ್ಟಾಕ ಹತ್ತಿದ.

ಆ ಗಂಟು ನಾ ಮುಂದ ಊರಿಗೆ ಹೋದಾಗ ನೋಡಿದೆ. ಹಗ್ಗದ ತುದಿ ಪೂರಾ ಒಳಗ ತೂರಿಸದ ಮಡಚಿ ಕುಣಿಕಿ ಬಿಟ್ಟಿರ್ತಾನ, ದನ ಎಷ್ಟ ಜಗ್ಗಿದ್ರೂ ಬಿಗೀತೈತಿ, ತುದಿ ಹಿಡದು ಒಂದ ಸಲ ಎಳದ್ರ ತೊಯ್ದಿದ್ರೂ ಬಿಚ್ಚತೈತಿ. ಅಣ್ಣನ ಮಗನಿಗೆ ಆಗ ಏಳು ವರ್ಷ, ಅಪ್ಪ ಅಂವನ ಕಣ್ಣಿಗೆ ಟವೆಲ್ ಕಟ್ಟಿ, ಬಕೀಟಿನಾಗ ಅದ್ದಿದ ಹಗ್ಗ ಕೈಯಾಗ ಕೊಟ್ಟು ಗ್ವಾದಲಿ ಮುಂದ ಕುಂದರಿಸಿದ್ದ, "ಹೂಂ, ಈಗ ಬಿಚ್ಚಪಾ, ಕತ್ತಲೈತಿ ಅನಕೋ" ಅಂತ.