"ರೇಟಿಂಗ್ 2.1 ಇರೋ ಸರ್ ಬಂದಿದ್ದಾರೆ, ಏನ್ ಮಾಡ್ಲಿ ಅಕ್ಕ?"

ಪ್ರತಿ ಸೆಮಿಸ್ಟರ್ ಶುರುವಾಗುವ ಹಿಂದಿನ ವಾರ ನನ್ನ ಫೋನಿಗೆ ಒಂದೇ ಥರದ ಮೆಸೇಜುಗಳು ಬರುತ್ತವೆ. ಟೈಮ್‌ಟೇಬಲ್‌ನ ಸ್ಕ್ರೀನ್‌ಶಾಟ್, ಒಂದು ಹೆಸರಿನ ಸುತ್ತ ಕೆಂಪು ಗೆರೆ, ಕೆಳಗೆ "ಅಕ್ಕ, ಇವರ ರೇಟಿಂಗ್ ಐದಕ್ಕೆ 2.1 ಇದೆ, ಏನ್ ಮಾಡ್ಲಿ?" ಓದುವಾಗಿನಿಂದಲೂ ನಾನು ಜೂನಿಯರ್‌ಗಳಿಗೆ ಸ್ಟ್ಯಾಟಿಸ್ಟಿಕ್ಸ್ ಹೇಳಿಕೊಡುತ್ತಾ ಬಂದಿದ್ದೇನೆ. ಅದಕ್ಕೇ ಎಲ್ಲ ಮೇಷ್ಟ್ರುಗಳ ಜಾತಕ ನನ್ನ ಹತ್ತಿರ ಇದೆ ಅಂತ ಇವರಿಗೆಲ್ಲ ನಂಬಿಕೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಉತ್ತರ ಇಷ್ಟು. ನಂಬರ್ ನೋಡಿ ಸೆಕ್ಷನ್ ಬಿಡಬೇಡಿ. ಆ ನಂಬರಿನ ಕೆಳಗೆ ಹಿಂದಿನ ವಿದ್ಯಾರ್ಥಿಗಳು ಬರೆದಿರುವುದನ್ನು ಪೂರ್ತಿ ಓದಿ. ಓದಿದ ಮೇಲೂ ಬಿಡಬೇಕು ಅನ್ನಿಸಿದರೆ ಬಿಡಿ, ನಾನು ತಡೆಯುವುದಿಲ್ಲ.

ಪ್ರಶ್ನೆ ಕೇಳುವ ರೀತಿಗೆ ಮಾತ್ರ ನನಗೆ ನಿಜವಾಗಲೂ ಸಿಟ್ಟು ಬರುತ್ತದೆ. "ಆ ಮೇಡಂ ಸರಿ ಇಲ್ವಂತೆ, ಹೌದಾ?" ಈ "ಅಂತೆ" ಇದೆಯಲ್ಲ, ಅದು ನನಗೆ ಆಗಿಬರುವುದಿಲ್ಲ. ಯಾರು ಅಂದರು? ಯಾವ ವರ್ಷ? ಅಂದವರು ಎಷ್ಟು ಕ್ಲಾಸಿಗೆ ಹೋಗಿದ್ದರು? ಇದಕ್ಕೆ ಯಾರ ಹತ್ತಿರವೂ ಉತ್ತರ ಇರುವುದಿಲ್ಲ. ಒಬ್ಬ ಮನುಷ್ಯನ ಹದಿನೈದು ವರ್ಷದ ಕೆಲಸ "ಅಂತೆ" ಅನ್ನೋ ಒಂದು ಮಾತಿನಲ್ಲಿ ಮುಗಿದುಹೋಗುತ್ತದೆ.

ಆ 2.1 ಎಲ್ಲಿಂದ ಬಂತು ನೋಡಿ. ಏಳೆಂಟು ಜನ ಬರೆದಿರುತ್ತಾರೆ, ಪಾಠ ಕೇಳಿದವರು ನೂರಾರು. ಬರೆಯಲು ಕೂರುವವರು ಯಾರು? ಒಂದೋ ಫೇಲಾಗಿ ಕುದಿಯುತ್ತಿರುವವರು, ಇಲ್ಲ ತುಂಬಾ ಖುಷಿಯಾದವರು. ನಡುವಿನವರು ಪರೀಕ್ಷೆ ಬರೆದು ಮನೆಗೆ ಹೋಗುತ್ತಾರೆ. ಸ್ಟ್ಯಾಟಿಸ್ಟಿಕ್ಸ್ ಮೊದಲ ಅಧ್ಯಾಯದಲ್ಲೇ ಇದೆ, ತಾವಾಗಿ ಮುಂದೆ ಬಂದವರನ್ನು ಮಾತ್ರ ಕೇಳಿದರೆ ಎಲ್ಲರ ಅಭಿಪ್ರಾಯ ಸಿಗುವುದಿಲ್ಲ ಅಂತ.

ವಿದ್ಯಾರ್ಥಿಗಳು ಮೇಷ್ಟ್ರುಗಳಿಗೆ ರೇಟಿಂಗ್ ಕೊಡುವ ರೇಟ್ ಮೈ ಪ್ರೊಫೆಸರ್ಸ್ ಅನ್ನೋ ಅಮೆರಿಕದ ಸೈಟು 1999ರಿಂದ ಇದೆ. ಅದರಲ್ಲಿ ನೋಡಲು ಚೆನ್ನಾಗಿರುವ ಪ್ರೊಫೆಸರ್ ಹೆಸರಿನ ಜೊತೆಗೆ ಒಂದು ಮೆಣಸಿನಕಾಯಿ ಗುರುತು ಬರುತ್ತಿತ್ತು. 2018ರಲ್ಲಿ, ಕಾಲೇಜಿನಲ್ಲಿ ಪಾಠ ಮಾಡುವ ಹೆಂಗಸರು ಆಕ್ಷೇಪ ಎತ್ತಿದ ಮೇಲೆ, ತೆಗೆದರು. ಪಾಠದ ಅಳತೆ ಅಂತ ನಾವು ನಂಬಿದ್ದರ ಪಕ್ಕದಲ್ಲೇ ಮುಖದ ಅಳತೆಯೂ ಇತ್ತು. 2015ರಲ್ಲಿ ಬಂದ ಒಂದು ಅಧ್ಯಯನ ಇನ್ನೂ ಬೇಜಾರು ತರಿಸುತ್ತದೆ. ಒಂದು ಆನ್‌ಲೈನ್ ಕೋರ್ಸಿಗೆ ಇಬ್ಬರು ಸಹಾಯಕ ಬೋಧಕರು, ಒಬ್ಬ ಗಂಡಸು, ಒಬ್ಬ ಹೆಂಗಸು. ಇಬ್ಬರಿಗೂ ಎರಡೆರಡು ಗುಂಪು. ಒಂದು ಗುಂಪಿಗೆ ತಮ್ಮ ಹೆಸರಿನಲ್ಲೇ ಪಾಠ ಮಾಡಿದರು, ಇನ್ನೊಂದಕ್ಕೆ ಹೆಸರು ಅದಲು ಬದಲು ಮಾಡಿಕೊಂಡು. ಮನೆಗೆಲಸ ತಿದ್ದಿ ವಾಪಸ್ ಕೊಟ್ಟದ್ದು ಎಲ್ಲರಿಗೂ ಒಂದೇ ಹೊತ್ತಿಗೆ. ಆದರೂ "ಬೇಗ ಕೊಡುತ್ತಾರೆ" ಅನ್ನುವುದಕ್ಕೆ ಗಂಡಸಿನ ಹೆಸರಿಗೆ ಐದಕ್ಕೆ 4.35 ಸಿಕ್ಕಿತು, ಹೆಂಗಸಿನ ಹೆಸರಿಗೆ 3.55. ಸಣ್ಣ ಅಧ್ಯಯನ, 43 ವಿದ್ಯಾರ್ಥಿಗಳದ್ದು. ಆದರೆ "ಆ ಮೇಡಂ ತುಂಬಾ ಸ್ಟ್ರಿಕ್ಟ್ ಅಂತೆ" ಅಂತ ಯಾರಾದರೂ ಅಂದಾಗಲೆಲ್ಲ ನನಗೆ ಈ ಎರಡು ಅಂಕಿ ನೆನಪಾಗುತ್ತವೆ.

ಹಾಗಾದರೆ ಏನು ಓದಬೇಕು? ದೂರು ಯಾವುದರ ಮೇಲೆ ಅಂತ ನೋಡಿ. "ಹೋಮ್‌ವರ್ಕ್ ಜಾಸ್ತಿ", "ಮಾರ್ಕ್ಸ್ ಬಿಡಲ್ಲ", "ಬೋರು" ಅಂತ ಇದ್ದರೆ ನನಗೇನೂ ಭಯ ಆಗುವುದಿಲ್ಲ. "ಪಾಠ ಮಾಡಿದ್ದು ಒಂದು, ಪರೀಕ್ಷೆಯಲ್ಲಿ ಕೇಳಿದ್ದು ಇನ್ನೊಂದು", "ಪೇಪರ್ ತಿದ್ದಿ ಕೊಡೋದೇ ಇಲ್ಲ", "ಅರ್ಧ ಕ್ಲಾಸಿಗೆ ಬರಲ್ಲ" ಅಂತ ಬೇರೆ ಬೇರೆ ವರ್ಷದವರು ಬರೆದಿದ್ದರೆ, ಅದು ನಿಜವಾದ ಎಚ್ಚರಿಕೆ. ದಿನಾಂಕ ನೋಡಿ. ಯಾವ ಕೋರ್ಸು ನೋಡಿ. ಇನ್ನೂರು ಜನರ ಕ್ಲಾಸಿನಲ್ಲಿ ಸೋತ ಮೇಷ್ಟ್ರು ಇಪ್ಪತ್ತು ಜನರ ಕ್ಲಾಸಿನಲ್ಲಿ ಬೇರೆಯೇ ಮನುಷ್ಯ ಆಗಿರಬಹುದು.

ಈಗ ನನ್ನ ಕಥೆ. ನನಗೆ ಸ್ಟ್ಯಾಟಿಸ್ಟಿಕ್ಸ್ ಹೇಳಿದ ಸರ್ ಬಗ್ಗೆ ಒಬ್ಬರು ಬರೆದಿದ್ದರು: "ಒಂದು ಗಂಟೆ ಗೋಡೆ ನೋಡಿದ್ರೂ ಇಷ್ಟೇ ಅರ್ಥ ಆಗತ್ತೆ." ನಾನೂ ಸೆಕ್ಷನ್ ಬದಲಾಯಿಸಲು ಓಡಿದೆ. ಇನ್ನೊಂದು ಸೆಕ್ಷನ್ ಭರ್ತಿಯಾಗಿತ್ತು. ಬರೆದವರದ್ದು ಸುಳ್ಳಲ್ಲ. ಸರ್ ಬೋರ್ಡಿನ ಕಡೆ ಮುಖ ಮಾಡಿ, ಬೋರ್ಡಿಗೇ ಪಾಠ ಮಾಡುತ್ತಿದ್ದರು. ಮೂರನೇ ಬೆಂಚಿನ ಆಚೆಗೆ ಧ್ವನಿ ದಾಟುತ್ತಿರಲಿಲ್ಲ. ಮೊದಲ ಟೆಸ್ಟಿನಲ್ಲಿ ನನಗೆ 40ಕ್ಕೆ 11.

ಬೈಸಿಕೊಳ್ಳುವುದಕ್ಕೆ ಸಿದ್ಧಳಾಗಿ ಅವರ ರೂಮಿಗೆ ಹೋದೆ. ಅವರು ಉತ್ತರ ಪತ್ರಿಕೆಯನ್ನು ತಮ್ಮ ಕಡೆ ತಿರುಗಿಸಿಕೊಂಡು ಮೇಲಿನಿಂದ ಓದುತ್ತಾ ಬಂದರು. ಆರನೇ ಸಾಲಿಗೆ ಬಂದು ಪೆನ್ಸಿಲ್ ನಿಂತಿತು. ಅಲ್ಲಿ ಒಂದು ಸಣ್ಣ ಸೊನ್ನೆ ಸುತ್ತಿದರು. "ಇಲ್ಲೀವರೆಗೂ ಸರಿ ಇದೆಯಮ್ಮ. ಇಲ್ಲಿ ಎನ್‌ನಿಂದ ಭಾಗಿಸಿದ್ದೀಯ. ಎನ್ ಮೈನಸ್ ಒಂದು ಬರಬೇಕಿತ್ತು. ಯಾಕೆ ಹೇಳು?"

ಸಂಖ್ಯೆಗಳು ಸರಾಸರಿಯಿಂದ ಎಷ್ಟು ಚದುರಿವೆ ಅಂತ ಅಳೆಯುವ ಲೆಕ್ಕ ಅದು. ಎನ್ ಅಂದರೆ ಒಟ್ಟು ಎಷ್ಟು ಸಂಖ್ಯೆ ಇವೆ ಅನ್ನುವುದು. ಒಂದು ಯಾಕೆ ಕಳೆಯಬೇಕು ಅಂತ ನನಗೆ ಗೊತ್ತಿರಲಿಲ್ಲ. ಸೂತ್ರ ಬಾಯಿಪಾಠ ಮಾಡಿದ್ದೆ, ಅಷ್ಟೇ.

ಹಾಳೆಯ ಅಂಚಿನಲ್ಲಿ 2 ಬರೆದರು, ಪಕ್ಕದಲ್ಲಿ 6 ಬರೆದರು. "ಮೂರು ಸಂಖ್ಯೆ, ಸರಾಸರಿ 5. ಎರಡು ನಾನು ಬರೆದೆ. ಮೂರನೇದು ನಿನ್ನಿಷ್ಟ, ಬರಿ." ಪೆನ್ಸಿಲ್ ನನ್ನ ಕೈಗೆ ಕೊಟ್ಟರು. ಬರೆಯಲು ಹೋಗಿ ನಿಲ್ಲಿಸಿದೆ. ಮೂರೂ ಸೇರಿ 15 ಆಗಬೇಕು. 7 ಬಿಟ್ಟು ಬೇರೇನೂ ಬರೆಯುವ ಹಾಗಿಲ್ಲ. "ನಿನ್ನಿಷ್ಟ ಎಲ್ಲಿ ಹೋಯ್ತು?" ಅಂತ ಕೇಳಿದರು. "ಸರಾಸರೀನ ಈ ಸಂಖ್ಯೆಗಳಿಂದಲೇ ತೆಗೆದರೆ, ಮೂರರಲ್ಲಿ ಸ್ವತಂತ್ರವಾಗಿರೋದು ಎರಡೇ. ಆ ಎರಡರಿಂದಲೇ ಭಾಗಿಸೋದು."

ಐದು ನಿಮಿಷವೂ ಆಗಿರಲಿಲ್ಲ. ಇವತ್ತು ನಾನು ಯಾರಿಗೆ ಈ ಪಾಠ ಹೇಳಿದರೂ 2, 6 ಅಂತಲೇ ಬರೆದು ಪೆನ್ಸಿಲ್ ಅವರ ಕೈಗೆ ಕೊಡುತ್ತೇನೆ. ಕ್ಲಾಸಿನಲ್ಲಿ ಅವರು ಕೊನೆಯವರೆಗೂ ಬೋರ್ಡಿಗೇ ಪಾಠ ಮಾಡಿದರು. ಅದು ಸುಧಾರಿಸಲಿಲ್ಲ. ನಾನು ಮುಂದಿನ ಬೆಂಚಿಗೆ ಬಂದೆ, ವಾರಕ್ಕೊಮ್ಮೆ ಆ ರೂಮಿಗೆ ಹೋದೆ.

ಇದನ್ನು ಹೇಳಿದಾಗೆಲ್ಲ "ನೀವು ಮೇಷ್ಟ್ರುಗಳ ಪರ ಬಿಡಿ ಅಕ್ಕ" ಅನ್ನುತ್ತಾರೆ. ಇಲ್ಲ. ನಾನು ಕಲಿಕೆಯ ಪರ. ಇಷ್ಟವಾಗೋದು ಬೇರೆ, ಕಲಿಯೋದು ಬೇರೆ. ಅಮೆರಿಕದ ವಾಯುಪಡೆ ಅಕಾಡೆಮಿಯಲ್ಲಿ ಸೆಕ್ಷನ್‌ಗಳನ್ನು ಚೀಟಿ ಎತ್ತಿದ ಹಾಗೆ ಹಂಚುತ್ತಾರೆ, ಪ್ರೊಫೆಸರನ್ನು ಆರಿಸಿಕೊಳ್ಳುವ ಹಾಗಿಲ್ಲ. ಎಲ್ಲ ಸೆಕ್ಷನ್ನಿಗೂ ಪರೀಕ್ಷೆ ಒಂದೇ. ಅಲ್ಲಿನ ಫಲಿತಾಂಶ ಇಟ್ಟುಕೊಂಡು ಸ್ಕಾಟ್ ಕ್ಯಾರೆಲ್ ಮತ್ತು ಜೇಮ್ಸ್ ವೆಸ್ಟ್ ಅನ್ನೋ ಅರ್ಥಶಾಸ್ತ್ರಜ್ಞರು 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮೊದಲ ಕ್ಯಾಲ್ಕುಲಸ್ ಕೋರ್ಸಿನಲ್ಲಿ ಜಾಸ್ತಿ ಮಾರ್ಕ್ಸ್ ಬರುವ ಹಾಗೆ ಪಾಠ ಮಾಡಿದವರಿಗೆ ವಿದ್ಯಾರ್ಥಿಗಳು ಒಳ್ಳೆಯ ರೇಟಿಂಗ್ ಕೊಟ್ಟಿದ್ದರು. ಆದರೆ ಅವರ ಕೈಕೆಳಗೆ ಕಲಿತವರು ಮುಂದಿನ ಕೋರ್ಸುಗಳಲ್ಲಿ ಸರಾಸರಿಯಾಗಿ ಹಿಂದೆ ಬಿದ್ದರು. 2019ರಲ್ಲಿ ಹಾರ್ವರ್ಡ್‌ನ ಭೌತಶಾಸ್ತ್ರದ ಕ್ಲಾಸುಗಳಲ್ಲೂ ಇಂಥದ್ದೇ ಕಂಡಿತು. ತಾವೇ ಲೆಕ್ಕ ಬಿಡಿಸುತ್ತಾ ಒದ್ದಾಡಿದವರು, ಸುಮ್ಮನೆ ಪಾಠ ಕೇಳಿದವರಿಗಿಂತ ಟೆಸ್ಟಿನಲ್ಲಿ ಜಾಸ್ತಿ ತೆಗೆದರು. ಕೇಳಿದರೆ ಕಡಿಮೆ ಕಲಿತೆವು ಅಂದರು. ನುಣ್ಣಗೆ ಸಾಗುವ ಪಾಠ ಕೇಳುವಾಗ ಎಲ್ಲ ಗೊತ್ತಾಯಿತು ಅನ್ನಿಸುತ್ತದೆ ಅಲ್ವಾ, ಅದು ಆಗಾಗ ಮೋಸ ಮಾಡುತ್ತದೆ.

ಒಂದು ದೂರಿನ ವಿಷಯದಲ್ಲಿ ಮಾತ್ರ ನಾನು ಯಾವ ಅಧ್ಯಯನವನ್ನೂ ತರುವುದಿಲ್ಲ. ಡೌಟ್ ಕೇಳಿದವರನ್ನು ಎಲ್ಲರ ಮುಂದೆ ಅವಮಾನ ಮಾಡುವವರು. ನನ್ನ ಹತ್ತಿರ ಬರುತ್ತಿದ್ದ ಒಬ್ಬ ಹುಡುಗಿ ಅಂಥ ಒಂದು ಕ್ಲಾಸಿನ ನಂತರ ಯಾವ ಕ್ಲಾಸಿನಲ್ಲೂ ಕೈ ಎತ್ತುವುದನ್ನೇ ನಿಲ್ಲಿಸಿದ್ದಳು. ನನ್ನ ಹತ್ತಿರ ಕೂತಾಗಲೂ ಪ್ರಶ್ನೆಯನ್ನು ಪಿಸುಮಾತಿನಲ್ಲಿ ಕೇಳುತ್ತಿದ್ದಳು. ಅಂಥ ಕಡೆ ಇರಬೇಡಿ. ಬದಲಾಯಿಸುವ ಗಡುವು ಮುಗಿಯುವ ಮೊದಲೇ ಹೊರಗೆ ಬನ್ನಿ. ಆಗದಿದ್ದರೆ ಯಾವ ದಿನ ಏನಾಯಿತು ಅಂತ ಬರೆದಿಟ್ಟುಕೊಳ್ಳಿ. ಇಬ್ಬರು ಮೂವರು ಜೊತೆಯಾಗಿ ವಿಭಾಗದ ಮುಖ್ಯಸ್ಥರ ಹತ್ತಿರ ಹೋಗಿ. ಸುಮ್ನೆ ಸಹಿಸಿಕೊಂಡು ಕೂರುವುದು ಬೇಡ.

ನನಗೆ ಯಾರಾದರೂ ಕೇಳಲಿ ಅಂತ ಆಸೆ ಇರುವ ಪ್ರಶ್ನೆ ಬೇರೆ. "ಅಕ್ಕ, ಇವರ ಹತ್ತಿರ ಹೋಗಿ ಏನು ಕೇಳ್ಲಿ?" ಇಷ್ಟು ವರ್ಷದಲ್ಲಿ ಇದನ್ನು ಕೇಳಿದವರು ಇಬ್ಬರೇ. ಇದಕ್ಕಾದರೆ ಎಷ್ಟು ಹೊತ್ತು ಬೇಕಾದರೂ ಉತ್ತರ ಹೇಳುತ್ತೇನೆ. ಮೊದಲ ಎರಡು ವಾರದೊಳಗೆ ಹೋಗಿ, ಪರೀಕ್ಷೆಯ ಹಿಂದಿನ ದಿನ ಬೇಡ. "ಏನೂ ಅರ್ಥ ಆಗ್ತಿಲ್ಲ ಸರ್" ಅನ್ನಬೇಡಿ. ಅದಕ್ಕೆ ಎಂಥ ಮೇಷ್ಟ್ರ ಹತ್ತಿರವೂ ಉತ್ತರ ಇರುವುದಿಲ್ಲ. ನೀವೇ ಬಿಡಿಸಿದ ಹಾಳೆ ತೆಗೆದುಕೊಂಡು ಹೋಗಿ, ಸಿಕ್ಕಿಹಾಕಿಕೊಂಡ ಸಾಲು ತೋರಿಸಿ. ಕ್ಲಾಸಿನ ಪಾಠ ತಲೆಗೆ ಹೋಗದಿದ್ದರೆ ಹಿಂದಿನ ರಾತ್ರಿಯೇ ಆ ಅಧ್ಯಾಯ ಒಮ್ಮೆ ಓದಿಕೊಳ್ಳಿ, ಬೇರೆಯವರ ಪಾಠದ ವಿಡಿಯೋ ನೋಡಿ. ಹಳೇ ಪ್ರಶ್ನೆಪತ್ರಿಕೆ ತೆಗೆದು ಅವರು ಎಂಥ ಪ್ರಶ್ನೆ ಕೊಡುತ್ತಾರೆ ಅಂತ ತಿಳಿದುಕೊಳ್ಳಿ.

ಇನ್ನೊಂದು ಮಾತು ಹೇಳಲೇಬೇಕು. ಹೋದ ತಿಂಗಳು ಯಾರೋ ಕಳಿಸಿದ ಸ್ಕ್ರೀನ್‌ಶಾಟಿನಲ್ಲಿ ಕೆಂಪು ಗೆರೆ ಇದ್ದದ್ದು ನನ್ನ ಆ ಸರ್ ಹೆಸರಿನ ಸುತ್ತ. 2.1 ಅವರದ್ದೇ. ಎಲ್ಲ ಅಭಿಪ್ರಾಯಗಳನ್ನೂ ಓದಿದೆ. ಧ್ವನಿ ಇದೆ, ಗೋಡೆ ಇದೆ, ಬೋರ್ಡ್ ಇದೆ. ಪೆನ್ಸಿಲ್ಲಿನ ಸೊನ್ನೆ ಎಲ್ಲೂ ಇಲ್ಲ. ಇರುವುದಾದರೂ ಹೇಗೆ, ನಾನು ಬರೆದೇ ಇರಲಿಲ್ಲ. ಪಾಸಾದೆ, ಹೊರಟುಬಂದೆ. ಆ ರೂಮಿಗೆ ಹೋಗುತ್ತಿದ್ದ ಇನ್ನೂ ನಾಲ್ಕೈದು ಜನ ನನಗೆ ಗೊತ್ತು, ಅವರೂ ಬರೆದಿಲ್ಲ.

ಅವತ್ತೇ ರಾತ್ರಿ ಕೂತು ಬರೆದೆ: "ಕ್ಲಾಸಿನಲ್ಲಿ ಧ್ವನಿ ಕೇಳಿಸುವುದಿಲ್ಲ, ಮುಂದಿನ ಬೆಂಚಿನಲ್ಲಿ ಕೂರಿ. ಮಧ್ಯಾಹ್ನ ಮೂರರ ನಂತರ ರೂಮಿನಲ್ಲಿ ಇರುತ್ತಾರೆ. ಬಿಡಿಸಿದ ಹಾಳೆ ತೆಗೆದುಕೊಂಡು ಹೋಗಿ. ಎಷ್ಟು ಸಲ ಹೋದರೂ ಬೈಯುವುದಿಲ್ಲ."